ವಯಸ್ಸಾಯಿತೆಂದು ಸುಮ್ಮನಿರಬೇಡಿ: ಮುದಿ ಬೆಕ್ಕಿನ ನೋವು, ನಮ್ಮ ನಂಬಿಕೆ

ಹತ್ತು ವರ್ಷ ದಾಟಿದ ಬೆಕ್ಕು ಮೊದಲಿನಂತೆ ಕಪಾಟಿನ ಮೇಲೆ ಹಾರುವುದಿಲ್ಲ. ದಿನವಿಡೀ ಮೂಲೆ ಹಿಡಿದು ಮಲಗುತ್ತದೆ. ಎತ್ತಿಕೊಳ್ಳಲು ಹೋದರೆ ಗುರ್ರೆನ್ನುತ್ತದೆ. ಯಾಕೆಂದು ಕೇಳಿದರೆ ಯಾವ ಮನೆಯಲ್ಲಾದರೂ ಸಿಗುವ ಉತ್ತರ ಒಂದೇ: “ಅದಕ್ಕೂ ವಯಸ್ಸಾಯ್ತಲ್ಲ.” ಮುಪ್ಪು ಕಾಯಿಲೆಯಲ್ಲ, ನಿಜ. ಆದರೆ ಮುಪ್ಪಿನ ಲೆಕ್ಕಕ್ಕೆ ಹಾಕಿ ನಾವು ಮರೆತುಬಿಡುವ ಲಕ್ಷಣಗಳ ಹಿಂದೆ ಬಹಳ ಸಲ ಒಂದು ಕಾಯಿಲೆ ಇರುತ್ತದೆ. ಅದಕ್ಕೆ ಮದ್ದೂ ಇರುತ್ತದೆ.

ಹಿಂದೆ ನಮ್ಮ ಊರುಗಳಲ್ಲಿ ಬೆಕ್ಕು ಮುದಿಯಾಗುವಷ್ಟು ಕಾಲ ಬದುಕುತ್ತಿದ್ದುದೇ ಅಪರೂಪ. ಬೀದಿನಾಯಿ, ಲಾರಿ, ಇಲಿಪಾಷಾಣ, ಸೋಂಕು ಇವುಗಳಲ್ಲಿ ಯಾವುದಾದರೊಂದು ಅದರ ಆಯಸ್ಸನ್ನು ಬೇಗ ಮುಗಿಸುತ್ತಿತ್ತು. ಈಗ ಲಸಿಕೆ ಹಾಕಿಸಿಕೊಂಡು, ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡು ಮನೆಯೊಳಗೇ ಬೆಳೆದ ಬೆಕ್ಕು ಹದಿನೈದು ವರ್ಷ ಬದುಕುವುದು ಸಾಮಾನ್ಯ ಸಂಗತಿ. ಪಶುವೈದ್ಯರ ಲೆಕ್ಕದಲ್ಲಿ ಬೆಕ್ಕಿನ ಮೊದಲ ವರ್ಷ ಮನುಷ್ಯನ 15 ವರ್ಷಕ್ಕೆ ಸಮ, ಎರಡು ತುಂಬಿದಾಗ 24, ಆಮೇಲೆ ವರ್ಷಕ್ಕೆ ನಾಲ್ಕರಂತೆ ಏರುತ್ತದೆ. ಹಾಗಾಗಿ ಹತ್ತು ವರ್ಷದ ಬೆಕ್ಕಿಗೆ ನಮ್ಮ 56, ಹದಿನೈದರದ್ದಕ್ಕೆ 76. ಅಷ್ಟು ವಯಸ್ಸಿನ ಹಿರಿಯರು ಮಂಡಿ ಹಿಡಿದುಕೊಂಡು ಏಳುವಾಗ ನಾವು ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ಬೆಕ್ಕಿನ ವಿಷಯದಲ್ಲಿ ಮಾತ್ರ ಹಳೆಯ ನಂಬಿಕೆಗಳು ಅಡ್ಡ ಬರುತ್ತವೆ.

“ಕುಂಟುತ್ತಿಲ್ಲ, ಕೂಗುತ್ತಿಲ್ಲ, ಅಂದರೆ ನೋವಿಲ್ಲ”

ಎಲ್ಲಕ್ಕಿಂತ ಹೆಚ್ಚು ಹರಡಿರುವ ತಪ್ಪು ಇದು. ಬೆಕ್ಕು ಬೇಟೆಯಾಡುವ ಪ್ರಾಣಿ. ಹಾಗೆಯೇ ತನಗಿಂತ ದೊಡ್ಡ ಪ್ರಾಣಿಯ ಬಾಯಿಗೆ ಸಿಗಬಹುದಾದ ಚಿಕ್ಕ ಜೀವಿಯೂ ಹೌದು. ನೋವನ್ನು ಹೊರಗೆ ತೋರಿಸದಿರುವುದು ಅದಕ್ಕೆ ಹುಟ್ಟಿನಿಂದ ಬಂದ ಗುಣ. ಕೀಲುಸವೆತ ಬೆಕ್ಕಿನಲ್ಲಿ ಸಾಮಾನ್ಯವಾಗಿ ಎರಡೂ ಬದಿಯ ಕೀಲುಗಳನ್ನು ಒಟ್ಟಿಗೇ ಹಿಡಿಯುವುದೂ ಇನ್ನೊಂದು ಕಾರಣ. ಎರಡು ಹಿಂಗಾಲೂ ಒಂದೇ ಸಮ ನೋಯುವಾಗ ಅದು ಯಾವ ಕಾಲನ್ನು ಎತ್ತಿ ಕುಂಟಬೇಕು?

2002ರಲ್ಲಿ ಅಮೆರಿಕದ ಸಂಶೋಧಕರು ಹನ್ನೆರಡು ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇಗಳನ್ನು ಪರಿಶೀಲಿಸಿದಾಗ 90ರಲ್ಲಿ ಕೀಲುಗಳ ಸವೆತ ಕಂಡಿತು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎಳೆಯವು, ಮುದಿಯವು ಎಂದು ನೋಡದೆ ಆರಿಸಿಕೊಂಡ 100 ಬೆಕ್ಕುಗಳಲ್ಲಿ 92ರ ಮೈಯಲ್ಲಿ ಎಲ್ಲಾದರೂ ಒಂದು ಕಡೆ ಸವೆತದ ಗುರುತಿತ್ತು. ಸೊಂಟ, ಮಂಡಿ, ಹಿಮ್ಮಡಿ, ಮೊಣಕೈ, ಬೆನ್ನುಮೂಳೆಯ ಕೆಳಭಾಗ ಇವು ಹೆಚ್ಚಾಗಿ ಸವೆಯುವ ಜಾಗಗಳು. ಎಕ್ಸ್-ರೇಯಲ್ಲಿ ಸವೆತ ಕಂಡ ಮಾತ್ರಕ್ಕೆ ನೋವು ಅಷ್ಟೇ ಇರುತ್ತದೆ ಎನ್ನಲಾಗದು. ಸವೆತ ಕಡಿಮೆ ಕಂಡರೂ ನೋವು ಜೋರಾಗಿರಬಹುದು. ಆದ್ದರಿಂದ ಬೆಕ್ಕಿನ ದಿನಚರಿಯೇ ದೊಡ್ಡ ಸಾಕ್ಷಿ, ಅದನ್ನು ಹೇಳಬಲ್ಲವರು ಮನೆಯವರು ಮಾತ್ರ.

ಹಾಗಾದರೆ ನೋಡಬೇಕಾದದ್ದೇನು? ಒಂದೇ ನೆಗೆತಕ್ಕೆ ಕಿಟಕಿ ಹಲಗೆ ಏರುತ್ತಿದ್ದ ಬೆಕ್ಕು ಈಗ ಮೊದಲು ಕುರ್ಚಿ, ಆಮೇಲೆ ಮೇಜು, ಅಲ್ಲಿಂದ ಕಿಟಕಿ ಎಂದು ಮಜಲು ಮಾಡಿಕೊಂಡಿದೆಯೇ? ಹಾರುವ ಮುನ್ನ ನಿಂತು ಅಳೆಯುತ್ತದೆಯೇ? ಇಳಿಯುವಾಗ ಮುಂಗಾಲನ್ನು ಗೋಡೆಗುಂಟ ಸಾಧ್ಯವಾದಷ್ಟು ಕೆಳಗೆ ಇಳಿಬಿಟ್ಟು ಆಮೇಲೆ ಧುಮುಕುತ್ತದೆಯೇ? ಮೆಟ್ಟಿಲು ಹತ್ತುವಾಗ ಎರಡು ಹಿಂಗಾಲನ್ನೂ ಜೋಡಿಸಿ ಕುಪ್ಪಳಿಸುತ್ತದೆಯೇ? ಸೊಂಟದ ಮೇಲಿನ ರೋಮ ಗಂಟುಕಟ್ಟಿ ಹೊಟ್ಟು ಏಳುತ್ತಿದ್ದರೆ ಬೆಕ್ಕು ಸೋಮಾರಿಯಾಗಿದೆ ಎಂದಲ್ಲ, ನೆಕ್ಕಿಕೊಳ್ಳಲು ಅಷ್ಟು ಹಿಂದಕ್ಕೆ ಬಾಗಲು ಅದಕ್ಕೆ ಆಗುತ್ತಿಲ್ಲ. ನಡೆಯುವಾಗ ಉಗುರು ಟೈಲ್ಸ್ ಮೇಲೆ ಟಕಟಕ ಸದ್ದು ಮಾಡಿದರೆ ಅದನ್ನೂ ಗಮನಿಸಿ. ಪರಚಿ ಸವೆಸುವುದು ನಿಂತಾಗ ಉಗುರು ಸುರುಳಿಯಾಗಿ ಬೆಳೆದು ಪಾದದ ಮೆತ್ತೆಯೊಳಕ್ಕೇ ಇಳಿಯುವುದುಂಟು. ಮುದಿ ಬೆಕ್ಕಿನ ಉಗುರನ್ನು ಮನೆಯವರೇ ಆಗಾಗ ನೋಡಿ ಕತ್ತರಿಸಬೇಕು.

ಗುರುಗುಟ್ಟುತ್ತ ಮಲಗಿರುವ ಬೆಕ್ಕು ಸುಖವಾಗಿದೆ ಎಂದುಕೊಳ್ಳುವುದೂ ಸರಿಯಲ್ಲ. ನೋವಿರುವ ಬೆಕ್ಕೂ ಗುರುಗುಟ್ಟುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಕಿವಿಯ ನಿಲುವು, ಕಣ್ಣು ಕಿರಿದಾಗುವುದು, ಮೂತಿಯ ಬಿಗಿತ, ಮೀಸೆಯ ದಿಕ್ಕು, ತಲೆ ತಗ್ಗಿಸಿರುವುದು ಎಂಬ ಐದು ಗುರುತು. ಇದು ದಿಢೀರ್ ನೋವಿಗಾಗಿ ಮಾಡಿದ್ದು. ವರ್ಷಗಟ್ಟಲೆ ಕಾಡುವ ಕೀಲುನೋವಿಗೆ ನಡಿಗೆ, ನೆಗೆತವನ್ನೇ ನೋಡಬೇಕು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿ ಕೂರುವ ಬೆಕ್ಕನ್ನು ನೋಡಿ ಎಂಥ ವೈದ್ಯರಿಗೂ ಅದರ ನಡಿಗೆ ಗೊತ್ತಾಗದು. ಅದು ಮೆಟ್ಟಿಲು ಹತ್ತುವುದನ್ನು, ಮಂಚದಿಂದ ಇಳಿಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ ತೋರಿಸಿ. ಬಾಯಿಮಾತಿನ ವಿವರಣೆಗಿಂತ ಅದರಿಂದ ಹೆಚ್ಚು ಉಪಯೋಗ.

“ಮುದಿಯಾದ ಮೇಲೆ ಹಟಕ್ಕೆ ಕಂಡಲ್ಲೆಲ್ಲ ಉಚ್ಚೆ ಹೊಯ್ಯುತ್ತದೆ”

ಇಷ್ಟು ವರ್ಷ ಮರಳಿನ ಟ್ರೇ ಬಿಟ್ಟು ಬೇರೆಡೆ ಹೋಗದ ಪ್ರಾಣಿ ಈಗ ಯಾಕೆ ಹಟ ಮಾಡುತ್ತದೆ? ಟ್ರೇಯ ಅಂಚು ಎತ್ತರವಾಗಿದೆ, ದಾಟಲು ಸೊಂಟ ನೋಯುತ್ತದೆ. ಅಥವಾ ಟ್ರೇ ಇರುವುದು ಟೆರೇಸಿನಲ್ಲಿ, ಬೆಕ್ಕು ಮಲಗುವುದು ಕೆಳಗಿನ ಕೋಣೆಯಲ್ಲಿ. ಮಣ್ಣು ಹುಡುಕಿಕೊಂಡು ಕಾಂಪೌಂಡ್ ಹಾರಿ ಹೋಗುತ್ತಿದ್ದ ಬೆಕ್ಕಿಗೆ ಆ ಗೋಡೆಯೇ ಈಗ ದೊಡ್ಡ ಬೆಟ್ಟ. ಕಿಡ್ನಿ ಅಥವಾ ಸಕ್ಕರೆ ಕಾಯಿಲೆಯಿದ್ದರೆ ಮೂತ್ರ ಹೆಚ್ಚಿ, ತಲುಪುವಷ್ಟರಲ್ಲೇ ಆಗಿಬಿಡುತ್ತದೆ. ಒಂದು ಬದಿ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಕತ್ತರಿಸಿದ ಅಗಲವಾದ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ನುಣುಪಾದ ಮರಳು, ಮಹಡಿಗೊಂದರಂತೆ ಇಟ್ಟರೆ ಅರ್ಧ ಸಮಸ್ಯೆ ಬಗೆಹರಿದೀತು. ಬೈದು ಅದರ ಮೂತಿಯನ್ನು ಉಚ್ಚೆಗೆ ಉಜ್ಜುವುದು ಕ್ರೌರ್ಯ. ಗಂಡುಬೆಕ್ಕು ಮತ್ತೆ ಮತ್ತೆ ತಿಣುಕುತ್ತಿದ್ದು ಮೂತ್ರ ಬಾರದಿದ್ದರೆ ಮಾತ್ರ ಮನೆಮದ್ದಿನ ಮಾತೇ ಬೇಡ. ಮೂತ್ರನಾಳ ಕಟ್ಟಿಕೊಂಡಿರಬಹುದು, ಅಂದೇ ಆಸ್ಪತ್ರೆಗೆ ಒಯ್ಯಬೇಕು.

“ನಮ್ಮ ನೋವಿನ ಮಾತ್ರೆಯಲ್ಲೇ ಒಂದು ಚೂರು ಕೊಟ್ಟರಾಯಿತು”

ಇದರಷ್ಟು ಅಪಾಯದ ನಂಬಿಕೆ ಇನ್ನೊಂದಿಲ್ಲ. ಪ್ಯಾರಾಸಿಟಮಾಲ್ ಅನ್ನು ಒಡೆದು ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಿಮೆ. ನಮ್ಮ ಮನೆಗಳ ಡ್ರಾಯರಿನಲ್ಲಿ ಸದಾ ಇರುವ ಡೋಲೋ, ಕ್ರೋಸಿನ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಜೀವ ಹೋಗಬಹುದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ, ಪಂಜ ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. ತಿಳಿಯದೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ಯಾವ ಮಾತ್ರೆ, ಎಷ್ಟು, ಯಾವಾಗ ಎಂದು ವೈದ್ಯರಿಗೆ ಹೇಳಿ ಓಡಿ. ಪ್ರತಿವಿಷ ಇದೆ, ಬೇಗ ಸಿಕ್ಕರೆ ಉಳಿಯುವ ಸಾಧ್ಯತೆ ಇದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಬೆಕ್ಕಿನ ಹೊಟ್ಟೆಗೂ ಕಿಡ್ನಿಗೂ ವಿಷವೇ. ಆಸ್ಪಿರಿನ್ ಒಮ್ಮೆ ಒಳಗೆ ಹೋದರೆ ದಿನಗಟ್ಟಲೆ ಅದರ ಮೈಯಲ್ಲೇ ಉಳಿಯುತ್ತದೆ.

ಹೊರಗೆ ಹಚ್ಚುವುದೂ ಬೇಡ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ, ತಲೆನೋವಿನ ಬಾಮು, ಮಂಡಿಗೆ ಹಚ್ಚುವ ಸ್ಪ್ರೇ ಯಾವುದನ್ನು ಹಚ್ಚಿದರೂ ಬೆಕ್ಕು ಅದನ್ನು ನೆಕ್ಕಿ ನುಂಗುತ್ತದೆ. ನಮಗೆ ಹಿತವಾದದ್ದು ಅದಕ್ಕೆ ನಂಜು.

ಹಾಗೆಂದು ಬೆಕ್ಕಿಗೆ ನೋವಿನ ಔಷಧವೇ ಇಲ್ಲವೆಂದಲ್ಲ. ಮೆಲಾಕ್ಸಿಕಾಮ್ ಅಂಥ ಒಂದು ಔಷಧ. ಬೆಕ್ಕಿನ ಕೀಲುನೋವಿಗೆ ಯುರೋಪಿನಲ್ಲಿ ಇದನ್ನು ದೀರ್ಘಕಾಲ ಸಣ್ಣ ಪ್ರಮಾಣದಲ್ಲಿ ಕೊಡಲು ಅನುಮತಿ ಇದೆ. ಅಮೆರಿಕದಲ್ಲಿ ಅದೇ ಔಷಧದ ಪೊಟ್ಟಣದ ಮೇಲೆ, ಬೆಕ್ಕಿಗೆ ಮತ್ತೆ ಮತ್ತೆ ಕೊಟ್ಟರೆ ಕಿಡ್ನಿ ಕೈಕೊಟ್ಟು ಸಾವು ಬರಬಹುದು ಎಂಬ ಎಚ್ಚರಿಕೆ ಇರುತ್ತದೆ. ಎರಡೂ ನಿಜ, ಪ್ರಮಾಣದಲ್ಲೇ ಜೀವ ಇದೆ. ನಾಯಿಗಳಿಗಾಗಿ ಬರುವ ದ್ರವದಲ್ಲಿ ಮಿಲಿಲೀಟರಿಗೆ 1.5 ಮಿಲಿಗ್ರಾಂ ಇದ್ದರೆ ಬೆಕ್ಕಿಗಾಗಿ ಬರುವುದರಲ್ಲಿ 0.5 ಮಾತ್ರ. ಪಕ್ಕದ ಮನೆಯ ನಾಯಿಯ ಬಾಟಲಿಯಿಂದ ಅದೇ ಅಳತೆ ಎತ್ತಿ ಹಾಕಿದರೆ ಮೂರು ಪಟ್ಟು ಹೋಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿಯ ಸ್ಥಿತಿ ನೋಡಿ, ವೈದ್ಯರು ಬರೆದುಕೊಟ್ಟಷ್ಟೇ ಹಾಕಬೇಕು.

“ಮೂಳೆ ಸವೆದ ಮೇಲೆ ಮಾಡುವಂಥದ್ದು ಏನೂ ಇಲ್ಲ”

ಸವೆದ ಕೀಲು ಮತ್ತೆ ಹೊಸದಾಗುವುದಿಲ್ಲ, ಸರಿ. ನೋವು ತಗ್ಗಿಸುವುದು ಮಾತ್ರ ಖಂಡಿತ ಸಾಧ್ಯ. 2022ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬೆಕ್ಕಿನ ಕೀಲುನೋವಿಗೆಂದೇ ಫ್ರುನೆವೆಟ್‌ಮ್ಯಾಬ್ ಎಂಬ ಇಂಜೆಕ್ಷನ್ನಿಗೆ ಒಪ್ಪಿಗೆ ಕೊಟ್ಟಿತು. ನೋವಿನ ಸಂಕೇತ ಹುಟ್ಟಿಸುವ ಒಂದು ಪ್ರೋಟೀನನ್ನು ಕಟ್ಟಿಹಾಕುವ ಪ್ರತಿಕಾಯ ಇದು, ತಿಂಗಳಿಗೊಮ್ಮೆ ಚರ್ಮದಡಿ ಕೊಡುವಂಥದ್ದು. ಯಾವುದೇ ಪ್ರಾಣಿಗಾಗಿ ಆ ಸಂಸ್ಥೆ ಒಪ್ಪಿದ ಇಂಥ ಮೊದಲ ಪ್ರತಿಕಾಯ ಔಷಧವೂ ಅದೇ. ಗ್ಯಾಬಪೆಂಟಿನ್‌ನಂಥ ಔಷಧಗಳನ್ನೂ ವೈದ್ಯರು ಬಳಸುತ್ತಾರೆ. ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಿಂದ ಸ್ವಲ್ಪ ಅನುಕೂಲ ಕಂಡಿದೆ. ಗ್ಲುಕೋಸಮೈನ್ ಪುಡಿಗಳ ಬಗ್ಗೆ ಸಾಕ್ಷ್ಯ ಬಲವಾಗಿಲ್ಲ. ಅದಕ್ಕೇ ಹಣವೆಲ್ಲ ಸುರಿದು ನೋವಿನ ಔಷಧ ತಪ್ಪಿಸುವುದು ಜಾಣತನವಲ್ಲ.

ಮನೆಯಲ್ಲಿ ಮಾಡಬೇಕಾದ್ದು ಇನ್ನೂ ಮುಖ್ಯ, ಖರ್ಚೂ ಇಲ್ಲ. ಗ್ರಾನೈಟ್, ಟೈಲ್ಸ್ ನೆಲ ಮುದಿ ಬೆಕ್ಕಿಗೆ ಜಾರುತ್ತದೆ, ಚಳಿಗೆ ತಣ್ಣಗೆ ಕೊರೆಯುತ್ತದೆ. ಅದು ಓಡಾಡುವ ದಾರಿಯಲ್ಲಿ ಗೋಣಿಚೀಲವನ್ನೋ ಹಳೆಯ ಚಾಪೆಯನ್ನೋ ಹಾಸಿ. ಮಲಗುವ ಜಾಗ ನೆಲಮಟ್ಟದಲ್ಲಿ, ಗಾಳಿ ಬೀಸದ ಕಡೆ, ದಪ್ಪ ಕಂಬಳಿಯ ಮೇಲೆ ಇರಲಿ. ಮಲೆನಾಡಿನ ಮಳೆಗಾಲದಲ್ಲಿ ಬೆಕ್ಕು ಬಚ್ಚಲೊಲೆಯ ಹತ್ತಿರದಿಂದ ಏಳದಿದ್ದರೆ ಓಡಿಸಬೇಡಿ, ಬೂದಿಗೆ ಬೀಳದಂತೆ ಮಾತ್ರ ನೋಡಿಕೊಳ್ಳಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿಟ್ಟರೂ ಆದೀತು, ಬೇಡವೆನಿಸಿದಾಗ ಎದ್ದು ಹೋಗಲು ಜಾಗವಿರಬೇಕು. ಅದಕ್ಕೆ ಪ್ರಿಯವಾದ ಕಿಟಕಿಗೆ ಮಣೆ, ಸ್ಟೂಲು ಜೋಡಿಸಿ ಮೆಟ್ಟಿಲು ಮಾಡಿ. ಕಿಟಕಿಯನ್ನೇ ಅದರಿಂದ ಕಿತ್ತುಕೊಳ್ಳಬೇಡಿ. ಊಟದ ತಟ್ಟೆಯನ್ನು ಸ್ವಲ್ಪ ಎತ್ತರಕ್ಕೆ ಇಟ್ಟರೆ ಕುತ್ತಿಗೆ, ಮೊಣಕೈ ಬಗ್ಗಿಸುವ ಕಷ್ಟ ತಪ್ಪುತ್ತದೆ. ದಪ್ಪಗಿರುವ ಬೆಕ್ಕನ್ನು ನಿಧಾನವಾಗಿ ತೆಳ್ಳಗೆ ಮಾಡುವುದೇ ಕೀಲಿಗೆ ದೊಡ್ಡ ಉಪಕಾರ. ಆದರೆ ಉಪವಾಸ ಕೆಡವಬಾರದು. ದಪ್ಪ ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ.

“ಮುದಿ ಬೆಕ್ಕಿಗೆ ಹಾಲನ್ನವೇ ಹಗುರ”

ಹಾಲು, ಮೊಸರನ್ನ ಕೊಟ್ಟೇ ಬೆಕ್ಕು ಸಾಕಿದ ಮನೆಗಳು ನಮ್ಮಲ್ಲಿ ಎಷ್ಟೋ. ಆ ಬೆಕ್ಕುಗಳು ಹೇಗೋ ಬದುಕಿದ್ದವು ಎಂದರೆ ಅದಕ್ಕೆ ಇಲಿ, ಹಲ್ಲಿ, ಹಕ್ಕಿ ಕಾರಣ. ಬೇಟೆ ನಿಂತ ಮುದಿ ಬೆಕ್ಕಿಗೆ ಬರೀ ಹಾಲನ್ನ ಸಾಲದು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಬೆಕ್ಕು ಮಾಂಸದಿಂದಲೇ ಬದುಕಬೇಕಾದ ಪ್ರಾಣಿ. ಟೌರಿನ್ ಎಂಬ ಅಂಶವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಪ್ರಾಣಿಜನ್ಯ ಆಹಾರದಿಂದಲೇ ಬರಬೇಕು. ಟೌರಿನ್ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ಸಡಿಲವಾಗುತ್ತದೆ, ಅದನ್ನು ಕೊಟ್ಟರೆ ಸುಧಾರಿಸುತ್ತದೆ ಎಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಕಣ್ಣಿನ ಅಕ್ಷಿಪಟಲವೂ ಇದೇ ಕೊರತೆಯಿಂದ ಹಾಳಾಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸದವರು ಟೌರಿನ್ ಸೇರಿದ ಪೂರ್ಣ ಪ್ರಮಾಣದ ಕ್ಯಾಟ್ ಫುಡ್ ಕೊಡುವುದು ನ್ಯಾಯ. ವಯಸ್ಸಾಯಿತೆಂದು ಪ್ರೋಟೀನ್ ಕಡಿಮೆ ಮಾಡುವುದೂ ತಪ್ಪು. ಮುಪ್ಪಿನಲ್ಲಿ ಮಾಂಸಖಂಡ ಕರಗುವುದರಿಂದ ಅದಕ್ಕೆ ಒಳ್ಳೆಯ ಪ್ರೋಟೀನ್ ಇನ್ನೂ ಬೇಕು. ಕಿಡ್ನಿ ಕಾಯಿಲೆ ಖಚಿತವಾದಾಗ ಮಾತ್ರ ವೈದ್ಯರು ರಂಜಕ ಕಡಿಮೆ ಇರುವ ಬೇರೆ ಪಥ್ಯ ಹೇಳುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಭ್ಯಾಸವೂ ಇದೆ. ಕೋಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಬೆಕ್ಕೂ ಆಸೆಯಿಂದ ತಿನ್ನುತ್ತದೆ ಎಂದು ದಿನಾ ಲಿವರ್ ಹಾಕುವುದು. ಲಿವರಿನಲ್ಲಿ ವಿಟಮಿನ್ ಎ ತುಂಬ ಹೆಚ್ಚು. ಅದನ್ನೇ ವರ್ಷಗಟ್ಟಲೆ ತಿಂದ ಬೆಕ್ಕಿನ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದು ಬಿಗಿಯುತ್ತವೆ, ತಲೆ ತಿರುಗಿಸಲು, ಮೈ ನೆಕ್ಕಿಕೊಳ್ಳಲು ಆಗದಂತಾಗುತ್ತದೆ. ನೋಡಿದವರು ಅದನ್ನೂ ಮುಪ್ಪು ಎಂದೇ ತಿಳಿಯುತ್ತಾರೆ. ಲಿವರ್ ಅಪರೂಪಕ್ಕೆ ಒಂದು ಚೂರು ಸಾಕು. ಕರಾವಳಿಯವರು ಒಣಮೀನಿನ ಉಪ್ಪಿನ ಬಗ್ಗೆ, ಎಲ್ಲರೂ ಸಾರಿನ ಈರುಳ್ಳಿ, ಬೆಳ್ಳುಳ್ಳಿಯ ಬಗ್ಗೆ ಎಚ್ಚರವಾಗಿರಬೇಕು. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

“ವಯಸ್ಸಾದ ಬೆಕ್ಕು ಬಡಕಲಾಗುವುದು, ನೀರು ಹೆಚ್ಚು ಕುಡಿಯುವುದು ಸಹಜ”

ಸಹಜವಲ್ಲ. ಹೆಚ್ಚು ನೀರು, ಹೆಚ್ಚು ಮೂತ್ರ, ಇಳಿಯುತ್ತಿರುವ ತೂಕ ಈ ಮೂರೂ ಕೂಡಿದರೆ ಮೊದಲು ನೋಡಬೇಕಾದ್ದು ಕಿಡ್ನಿ, ಥೈರಾಯ್ಡ್, ಸಕ್ಕರೆ. ಕಿಡ್ನಿಯ ಮೂರರಲ್ಲಿ ಎರಡು ಭಾಗದಷ್ಟು ಶಕ್ತಿ ಹೋಗುವವರೆಗೆ ಮೂತ್ರವನ್ನು ಗಟ್ಟಿಮಾಡುವ ಕೆಲಸ ಹೇಗೋ ನಡೆಯುತ್ತಿರುತ್ತದೆ. ಹೊರಗೆ ಲಕ್ಷಣ ಕಾಣುವಷ್ಟರಲ್ಲಿ ಬಹಳ ಕಳೆದಿರುತ್ತದೆ. ಆಗಲೂ ಪಥ್ಯ, ಚರ್ಮದಡಿ ಕೊಡುವ ದ್ರವ, ಬಿಪಿ ನಿಯಂತ್ರಣದಿಂದ ವರ್ಷಗಳನ್ನು ಗಳಿಸಬಹುದು. ನೀರಿನ ಬಟ್ಟಲುಗಳನ್ನು ಮನೆಯ ನಾಲ್ಕು ಕಡೆ ಇಡಿ. ಒಣ ಆಹಾರದ ಜೊತೆ ಹಸಿ ಆಹಾರವನ್ನೂ ಸೇರಿಸಿ.

ಚೆನ್ನಾಗಿ ತಿನ್ನುತ್ತಿದ್ದೂ ಸೊರಗುವ, ಚುರುಕಾಗಿ ಓಡಾಡುವ ಮುದಿ ಬೆಕ್ಕನ್ನು ಕಂಡು ಮನೆಯವರು ಸಂತೋಷಪಡುತ್ತಾರೆ. ಅದು ಥೈರಾಯ್ಡ್ ಮಿತಿಮೀರಿದ ಲಕ್ಷಣವಿರಬಹುದು. 1979ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಬೆಕ್ಕಿನಲ್ಲಿ ಇದನ್ನು ಮೊದಲಿಗೆ ವಿವರಿಸಿದರು. ರಕ್ತ ಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ.

ತೂಕ ನೋಡುವುದು ಕಷ್ಟವಲ್ಲ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಒಬ್ಬರೇ ನಿಂತು ಕಳೆಯಿರಿ. ಮಗುವಿನ ತೂಕದ ಯಂತ್ರ ಸಿಕ್ಕರೆ ಇನ್ನೂ ನಿಖರ. ನಾಲ್ಕು ಕಿಲೋ ಬೆಕ್ಕು ನಾನೂರು ಗ್ರಾಂ ಇಳಿದರೆ ಅರವತ್ತು ಕಿಲೋ ಮನುಷ್ಯ ಆರು ಕಿಲೋ ಇಳಿದಂತೆ. ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ.

“ರಾತ್ರಿ ಬೆಕ್ಕು ಅತ್ತರೆ ಅಪಶಕುನ”

ನಡುರಾತ್ರಿ ಗೋಡೆ ನೋಡಿ ದೀರ್ಘವಾಗಿ ಕೂಗುವ ಮುದಿ ಬೆಕ್ಕನ್ನು ಶಕುನದ ಭಯಕ್ಕೆ ಹೊರಗೆ ಹಾಕುವವರಿದ್ದಾರೆ. ಕಿವಿ ಮಂದವಾಗಿರಬಹುದು, ಕೀಲು ನೋಯುತ್ತಿರಬಹುದು, ಥೈರಾಯ್ಡ್ ಏರಿರಬಹುದು. ಮನುಷ್ಯರಂತೆ ಬೆಕ್ಕಿಗೂ ಮರೆವಿನ ಕಾಯಿಲೆ ಬರುತ್ತದೆ. ಹದಿನೈದು ದಾಟಿದವುಗಳಲ್ಲಿ ಅರ್ಧಕ್ಕೂ ಹೆಚ್ಚು ಬೆಕ್ಕುಗಳು ಅದರ ಲಕ್ಷಣ ತೋರುತ್ತವೆ ಎಂಬ ಅಂದಾಜಿದೆ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ, ಸಾಮಾನುಗಳ ಜಾಗ ಬದಲಿಸಬೇಡಿ.

ಒಂದು ಎಚ್ಚರಿಕೆ: ಕಣ್ಣಿನ ಪಾಪೆ ಅಗಲವಾಗಿ ತೆರೆದೇ ಇದ್ದು ಬೆಕ್ಕು ಇದ್ದಕ್ಕಿದ್ದಂತೆ ಗೋಡೆಗೆ ಢಿಕ್ಕಿ ಹೊಡೆದರೆ ಅದು ಬಿಪಿ ಏರಿ ಅಕ್ಷಿಪಟಲ ಕಳಚಿದ್ದಿರಬಹುದು. ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ನಮಗೆ ಕೊಡುವ ಆಮ್ಲೋಡಿಪಿನ್ ಔಷಧವೇ ಬೆಕ್ಕಿನ ಬಿಪಿಗೂ ಬಳಕೆಯಲ್ಲಿದೆ, ಆದರೆ ಅಳತೆ ಬೇರೆ, ಅದನ್ನು ವೈದ್ಯರೇ ಹೇಳಬೇಕು.

“ಈ ವಯಸ್ಸಿನಲ್ಲಿ ಅರವಳಿಕೆ ತಡೆಯುವುದಿಲ್ಲ”

ಹಲ್ಲು ಕೊಳೆತು ಊಟ ಬಿಟ್ಟ ಬೆಕ್ಕಿಗೆ ಈ ಮಾತಿನಿಂದಲೇ ಚಿಕಿತ್ಸೆ ತಪ್ಪುತ್ತದೆ. ಅಪಾಯ ಇರುವುದು ಪತ್ತೆಯಾಗದ ಕಾಯಿಲೆಯಲ್ಲಿ, ಬರೀ ವಯಸ್ಸಿನಲ್ಲಲ್ಲ. ರಕ್ತ, ಬಿಪಿ, ಹೃದಯ ನೋಡಿಕೊಂಡು ಕೊಟ್ಟ ಅರವಳಿಕೆಯನ್ನು ಹೆಚ್ಚಿನ ಮುದಿ ಬೆಕ್ಕುಗಳು ತಡೆದುಕೊಳ್ಳುತ್ತವೆ. ಹಾಳಾದ ಹಲ್ಲು ಕಿತ್ತ ಮೇಲೆ ಅವು ಮತ್ತೆ ತಿನ್ನುತ್ತವೆ.

“ಸಾಯುವ ಕಾಲಕ್ಕೆ ಬೆಕ್ಕು ತಾನಾಗಿ ಮನೆ ಬಿಡುತ್ತದೆ”

ಹಳ್ಳಿಯಲ್ಲೂ ನಗರದಲ್ಲೂ ಈ ಮಾತನ್ನು ಗೌರವದಿಂದಲೇ ಹೇಳುತ್ತಾರೆ, ಬೆಕ್ಕಿಗೆ ತನ್ನ ಅಂತ್ಯ ತಿಳಿದಿತ್ತು ಎನ್ನುವಂತೆ. ನಡೆಯುವುದು ಬೇರೆ. ಮೈ ಸರಿಯಿಲ್ಲದ ಬೆಕ್ಕು ಯಾರೂ ಮುಟ್ಟದ ಜಾಗ ಹುಡುಕುತ್ತದೆ: ಸೌದೆ ಕೊಟ್ಟಿಗೆ, ಕಾರಿನ ಅಡಿ, ಅಟ್ಟ. ಅಲ್ಲಿ ಏಳಲಾಗದೆ, ನೀರಿಲ್ಲದೆ ಬಿದ್ದಿರುತ್ತದೆ. ಎಷ್ಟೋ ಸಲ ಅದು ಗುಣವಾಗಬಹುದಾದ ಕಾಯಿಲೆಯೇ ಆಗಿರುತ್ತದೆ. ಮುದಿ ಬೆಕ್ಕು ಒಂದು ರಾತ್ರಿ ಬಾರದಿದ್ದರೆ ವಿಧಿಯೆಂದು ಬಿಡಬೇಡಿ, ಅಕ್ಕಪಕ್ಕ ಹುಡುಕಿ.

ಗುಣವಾಗದ ಕಾಯಿಲೆಯಾದರೆ ಏನು ಮಾಡಬೇಕೆಂಬ ಪ್ರಶ್ನೆಯೂ ಬರುತ್ತದೆ. ತಿನ್ನುತ್ತಿಲ್ಲ, ತಾನಾಗಿ ಎದ್ದು ಮೂತ್ರಕ್ಕೆ ಹೋಗಲಾಗದು, ಔಷಧಕ್ಕೂ ನೋವು ಬಗ್ಗುತ್ತಿಲ್ಲ, ಕರೆದರೆ ತಿರುಗಿ ನೋಡುತ್ತಿಲ್ಲ. ಇಂಥ ದಿನಗಳು ಒಳ್ಳೆಯ ದಿನಗಳಿಗಿಂತ ಹೆಚ್ಚಾದಾಗ ನೋವಿಲ್ಲದ ಸಾವಿನ ಬಗ್ಗೆ ವೈದ್ಯರೊಡನೆ ಮಾತಾಡುವುದು ಪಾಪವಲ್ಲ ಎಂದು ನಾನು ನಂಬುತ್ತೇನೆ. ಸಂಕಟದಲ್ಲಿ ವಾರಗಟ್ಟಲೆ ಬಿಟ್ಟಿರುವುದಕ್ಕಿಂತ ಅದು ಮೇಲು.

ನಿಮ್ಮ ಬೆಕ್ಕಿಗೆ ಹತ್ತು ದಾಟಿದ್ದರೆ ಆರು ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸಿ. ಗೋಣಿಯಲ್ಲಿ ಕಟ್ಟಿ ಒಯ್ಯಬೇಡಿ. ಮೇಲಿನಿಂದ ತೆರೆಯುವ ಬುಟ್ಟಿಯನ್ನು ವಾರದ ಮೊದಲೇ ಮನೆಯಲ್ಲಿ ತೆರೆದಿಟ್ಟು, ಅದು ಮಲಗುವ ಬಟ್ಟೆಯನ್ನೇ ಒಳಗೆ ಹಾಸಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ಬೀದರ್, ಶಿವಮೊಗ್ಗ, ಹಾಸನಗಳಲ್ಲೂ ಕಾಲೇಜುಗಳಿವೆ. ಹೋಗುವಾಗ ಬರೆದಿಟ್ಟ ತೂಕ, ಮೊಬೈಲಿನ ವಿಡಿಯೊ, ಈಗ ಕೊಡುತ್ತಿರುವ ಎಲ್ಲ ಔಷಧಗಳ ಹೆಸರು ಕೈಯಲ್ಲಿರಲಿ.